ತಗಡಿನ ವಿದೂಷಕರು

ಕೃತಕ ಬುದ್ಧಿಮತ್ತೆಯ ಮಾತು ಜೋರಾದಾಗಿನಿಂದ ಹಳೆಯ ರೋಬೋ ಚಿತ್ರಗಳಿಗೆಲ್ಲ ಭವಿಷ್ಯವಾಣಿಯ ಪಟ್ಟ ಕಟ್ಟುವ ಚಾಳಿ ಶುರುವಾಗಿದೆ. ಮನೆಮಂದಿಯೆಲ್ಲ ಕೂತು ನಗಲೆಂದು ತೆಗೆದ ಚಿತ್ರಗಳನ್ನೂ ಬಿಟ್ಟಿಲ್ಲ. ಇಂಥ ಚಿತ್ರಗಳ ಬಗ್ಗೆ ಬರೆಯುತ್ತಲೇ ಕೂದಲು ನರೆಸಿಕೊಂಡ ನನಗೆ, ಇವುಗಳ ಜೀವ ಇರುವುದು ಯಂತ್ರದ ಮೈಯಾಟದಲ್ಲಿ ಎಂದೇ ಅನ್ನಿಸುತ್ತದೆ.

ಆರಂಭದ ಕಥೆ ದೊಡ್ಡದೇನಲ್ಲ. 1927ರ ‘ಮೆಟ್ರೊಪೊಲಿಸ್’ನ ಲೋಹದ ಹೆಣ್ಣು ಹೆದರಿಸಿದಳು. 1956ರ ‘ಫರ್ಬಿಡನ್ ಪ್ಲಾನೆಟ್’ನ ರೋಬೋ ರಾಬಿ, ಅಡುಗೆಯವನಿಗೆ ಗ್ಯಾಲನ್‌ಗಟ್ಟಲೆ ವಿಸ್ಕಿ ತಯಾರಿಸಿ ಕೊಟ್ಟು ನಗಿಸಿದ. 1977ರ ‘ಸ್ಟಾರ್ ವಾರ್ಸ್’ನ ಕುಳ್ಳ-ಉದ್ದ ರೋಬೋ ಜೋಡಿ ಜಪಾನಿನ ನಿರ್ದೇಶಕ ಕುರೊಸಾವಾನ ‘ದಿ ಹಿಡನ್ ಫೋರ್ಟ್ರೆಸ್’ನ ಜಗಳಗಂಟ ರೈತರಿಂದ ಹುಟ್ಟಿದ್ದು. 1981ರ ‘ಹಾರ್ಟ್‌ಬೀಪ್ಸ್’ನ ಮೇಕಪ್ಪು ಆಸ್ಕರ್ ನಾಮನಿರ್ದೇಶನ ಪಡೆಯಿತು, ಚಿತ್ರಕ್ಕೆ ನಗು ಮಾತ್ರ ದಕ್ಕಲಿಲ್ಲ.

ವಿಡಿಯೊ ಕ್ಯಾಸೆಟ್ ಬಾಡಿಗೆಗೆ ತಂದು ನೋಡಿದ ನಮ್ಮ ತಲೆಮಾರಿಗೆ ರೋಬೋ ಅಂದರೆ 1986ರ ‘ಶಾರ್ಟ್ ಸರ್ಕ್ಯೂಟ್’ನ ನಂಬರ್ 5. ನಿರ್ದೇಶಕ ಜಾನ್ ಬ್ಯಾಡಮ್. ಯುದ್ಧಕ್ಕೆಂದು ಮಾಡಿದ ಯಂತ್ರಕ್ಕೆ ಸಿಡಿಲಿನ ಆಘಾತ ತಗಲಿ ಜೀವ ಬರುತ್ತದೆ. ಆಟದ ಭರದಲ್ಲಿ ಅದು ಒಂದು ಮಿಡತೆಯನ್ನು ಅಪ್ಪಚ್ಚಿ ಮಾಡಿ, ಮತ್ತೆ ಜೋಡಿಸಿಕೊಡಿ ಎಂದು ಕೇಳುತ್ತದೆ. ಸತ್ತದ್ದು ಜೋಡಣೆಯಾಗದು ಎಂದು ತಿಳಿದ ಕ್ಷಣ, ತನ್ನನ್ನು ಬಿಚ್ಚಿಹಾಕಲು ಹೊರಟವರ ಕೆಲಸ ಕೊಲೆಯೆಂದೂ ಅದಕ್ಕೆ ಹೊಳೆಯುತ್ತದೆ. ಕೊನೆಗೆ ಅದನ್ನು ಸೃಷ್ಟಿಸಿದ ವಿಜ್ಞಾನಿಗೆ ಅದಕ್ಕೆ ಜೀವವಿದೆಯೆಂಬ ನಂಬಿಕೆ ಬರುವುದು ಯಾವ ಲೆಕ್ಕದಿಂದಲೂ ಅಲ್ಲ. ಅವನು ಒಂದು ಜೋಕು ಹೇಳುತ್ತಾನೆ, ಸ್ವಲ್ಪ ತಡೆದು ಯಂತ್ರ ನಗುತ್ತದೆ. ಇಡೀ ಪ್ರಕಾರದಲ್ಲಿ ಇದಕ್ಕಿಂತ ಜಾಣ ದೃಶ್ಯ ನನಗೆ ಕಂಡಿಲ್ಲ.

ನಂಬರ್ 5ಕ್ಕೆ ರೂಪ ಕೊಟ್ಟವರು ‘ಬ್ಲೇಡ್ ರನ್ನರ್’ನ ವಿನ್ಯಾಸಕ ಸಿಡ್ ಮೀಡ್, ಯಂತ್ರವಾಗಿ ಕಟ್ಟಿಸಿದವರು ಎರಿಕ್ ಅಲಾರ್ಡ್. ಆಡಿಸುವವನು ಮೈಮೇಲೆ ತೊಟ್ಟ ಸಾಧನದಲ್ಲಿ ಕೈಯೆತ್ತಿದರೆ ಅತ್ತ ಯಂತ್ರವೂ ಕೈಯೆತ್ತುತ್ತಿತ್ತು. ದನಿ ಕೊಟ್ಟ ಟಿಮ್ ಬ್ಲೇನಿ ಬೊಂಬೆಯಾಟಗಾರ. ಚಿತ್ರಚರಿತ್ರೆಗಳಲ್ಲಿ ಈ ಹೆಸರು ಹುಡುಕಿದರೂ ಸಿಗುವುದು ಕಷ್ಟ.

ಚಿತ್ರದ ಕಳಂಕವೊಂದನ್ನು ಮುಚ್ಚಿಡುವಂತಿಲ್ಲ. ಅದರಲ್ಲಿನ ಭಾರತೀಯ ವಿಜ್ಞಾನಿ ಬೆನ್, ಮೈಗೆ ಕಂದು ಬಳಿದುಕೊಂಡ ಬಿಳಿಯ ನಟ ಫಿಶರ್ ಸ್ಟೀವನ್ಸ್. 1988ರ ಎರಡನೆಯ ಭಾಗದಲ್ಲಿ ಅವನೇ ನಾಯಕ. ಯಂತ್ರಕ್ಕೆ ಅಷ್ಟು ಮನುಷ್ಯತ್ವ ಕೊಟ್ಟವರು ನಮ್ಮವನನ್ನು ಉಚ್ಚಾರಣೆಯ ತಮಾಷೆಗೆ ಇಳಿಸಿದರು. 2015ರಲ್ಲಿ ಭಾರತೀಯ ಮೂಲದ ಹಾಸ್ಯನಟ ಅಜೀಜ್ ಅನ್ಸಾರಿ ಈ ಮಾತು ಎತ್ತುವವರೆಗೆ ಹೆಚ್ಚು ಜನ ತಲೆಕೆಡಿಸಿಕೊಂಡಿರಲಿಲ್ಲ.

ಮುಂದೆ ಕಂಪ್ಯೂಟರ್ ಚಿತ್ರಿಕೆ ಬಂತು. 2008ರ ‘ವಾಲ್-ಈ’ ಬಹುಪಾಲು ಮೂಕಚಿತ್ರ. ಅದರ ತಂಡ ತಿಂಗಳುಗಟ್ಟಲೆ ಚಾಪ್ಲಿನ್, ಕೀಟನ್ ಚಿತ್ರ ನೋಡಿ ಮೈಯಾಟ ಕಲಿತಿತ್ತು. 2014ರ ‘ಬಿಗ್ ಹೀರೊ 6’ರ ಗಾಳಿ ತುಂಬಿದ ಬೇಮ್ಯಾಕ್ಸ್‌ಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮೆತು ರೋಬೋ ಪ್ರೇರಣೆ. 2024ರ ‘ದಿ ವೈಲ್ಡ್ ರೋಬೋಟ್’ ಚೆನ್ನಾಗಿದೆ, ಅಳಿಸುವ ಆತುರ ತುಸು ಹೆಚ್ಚು.

ನಮ್ಮಲ್ಲಿ? 2002ರ ಕನ್ನಡದ ‘ಹಾಲಿವುಡ್’ನಲ್ಲಿ ಉಪೇಂದ್ರರೇ ರೋಬೋ, 2010ರ ತಮಿಳು ‘ಎಂದಿರನ್’ನಲ್ಲಿ ರಜನಿಕಾಂತರೇ ರೋಬೋ. ಮಲಯಾಳಿಗಳು 2019ರ ‘ಆಂಡ್ರಾಯ್ಡ್ ಕುಂಞಪ್ಪನ್’ನಲ್ಲಿ ಪಯ್ಯನ್ನೂರಿನ ಮುಂಗೋಪಿ ಮುದುಕನ ಮನೆಗೆ ಪುಟ್ಟ ಯಂತ್ರವೊಂದನ್ನು ತಂದರು. ಅದರ ಕವಚದೊಳಗೆ ಇದ್ದವರು ಸೂರಜ್ ತೇಲಕ್ಕಾಡ್; ಚಿತ್ರದುದ್ದಕ್ಕೂ ಅವರ ಮುಖ ಕಾಣುವುದಿಲ್ಲ. ಮುಖ ಕಾಣದ ನಟನಿಗೆ ಅಷ್ಟು ಜಾಗ ಬಿಟ್ಟುಕೊಡುವ ಚಿತ್ರಕಥೆಯನ್ನು ನಮ್ಮ ಯಾವ ನಿರ್ಮಾಪಕರು ಒಪ್ಪುತ್ತಾರೆ?