ಗ್ರಂಥಪ್ರಸಾರದ ಕಾಯಕ ಮತ್ತು ನಮ್ಮ ಋಣ



ಗ್ರಂಥ ರಚನೆಯು ತಪಸ್ಸಿಗೆ ಸಮಾನವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ರಚಿಸಿದುದನ್ನು ಅಚ್ಚು ಹಾಕಿಸುವುದು ಸಾಹಸವೆಂದು ಲೇಖಕರೆಲ್ಲರೂ ಬಲ್ಲರು. ಆದರೆ ಅಚ್ಚಾದ ಗ್ರಂಥವನ್ನು ಓದುಗನ ಕೈಗೆ ಮುಟ್ಟಿಸಿ, ಅದರ ಬೆಲೆಯನ್ನು ಪಡೆದು, ಆ ಹಣದಿಂದಲೇ ಮುಂದಿನ ಗ್ರಂಥಕ್ಕೆ ಕಾಗದವನ್ನು ಕೊಳ್ಳುವ ಕಾರ್ಯಕ್ಕೆ ನಾವು ಯಾವ ಸ್ಥಾನವನ್ನು ಕೊಟ್ಟಿದ್ದೇವೆ? ಅದನ್ನು ವ್ಯಾಪಾರವೆಂದು ಕರೆದು ಕೆಳಗಿನ ಪಂಕ್ತಿಯಲ್ಲಿ ಕೂರಿಸಿದ್ದೇವೆ. ಕನ್ನಡ ನಾಡಿನ ಗ್ರಂಥಪ್ರಕಟನೆಯ ಇತಿಹಾಸವನ್ನು ಅವಲೋಕಿಸಿದರೆ ಈ ಭಾವನೆ ಎಷ್ಟು ತಪ್ಪೆಂಬುದು ಮನದಟ್ಟಾಗುತ್ತದೆ. ಇಂದು ನಾವು ಕೈಯಲ್ಲಿ ಹಿಡಿದು ಓದುತ್ತಿರುವ ವಚನ ವಾಙ್ಮಯವು ನಮಗೆ ದೊರೆತದ್ದು ಒಬ್ಬ ಮಹನೀಯರು ಬರೆಯುವುದರ ಜೊತೆಗೆ ಅಚ್ಚು ಹಾಕುವ ಮತ್ತು ಮಾರುವ ಭಾರವನ್ನೂ ಹೊತ್ತುದರಿಂದ. ಆ ಋಣದ ಕುರಿತು ಎರಡು ಮಾತುಗಳನ್ನು ಇಲ್ಲಿ ನಿವೇದಿಸಬೇಕೆಂದು ಬಯಸಿದ್ದೇವೆ.

ಓಲೆಯಿಂದ ಅಚ್ಚಿಗೆ

ಅಚ್ಚಿನ ಯಂತ್ರವು ನಮ್ಮ ನಾಡಿಗೆ ಬರುವ ಮುನ್ನ ಗ್ರಂಥವು ದಾನದ ವಸ್ತುವಾಗಿತ್ತು. 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿಯನ್ನು ನೀವೆಲ್ಲ ಕೇಳಿರುವಿರಿ. ನಮ್ಮ ಮಠಮಾನ್ಯಗಳಲ್ಲಿಯೂ ಓಲೆಯ ಕಟ್ಟುಗಳನ್ನು ಪ್ರತಿ ಮಾಡಿಸುವುದು, ಅವನ್ನು ಗದ್ದುಗೆಯ ಬಳಿಯಿಟ್ಟು ಪೂಜಿಸುವುದು ನಡೆದು ಬಂದ ಪದ್ಧತಿ. ಒಂದೊಂದು ಪ್ರತಿಯ ಹಿಂದೆಯೂ ಒಬ್ಬ ಲಿಪಿಕಾರನ ಹಲವು ದಿನಗಳ ಶ್ರಮವಿರುತ್ತಿತ್ತು. ಆದ್ದರಿಂದ ಪಡೆದವನಿಗೆ ಅದರ ಬೆಲೆ ತಾನಾಗಿಯೇ ತಿಳಿಯುತ್ತಿತ್ತು.

ಅಚ್ಚಿನ ಯಂತ್ರವು ಈ ವ್ಯವಸ್ಥೆಯನ್ನು ತಲೆಕೆಳಗು ಮಾಡಿತು. ಓಲೆಯ ಕಾಲದಲ್ಲಿ ಕೇಳುವವನಿದ್ದಾಗ ಮಾತ್ರ ಪ್ರತಿಯಾಗುತ್ತಿತ್ತು. ಮುದ್ರಣದಲ್ಲಿಯಾದರೋ ಮೊಳೆ ಜೋಡಿಸುವ ಕೂಲಿ, ಕಾಗದ, ಮಸಿ, ರಟ್ಟು ಕಟ್ಟುವ ಖರ್ಚು ಇವೆಲ್ಲವೂ ಮೊದಲನೆಯ ಪ್ರತಿ ಮಾರಾಟವಾಗುವುದಕ್ಕಿಂತ ಮುಂಚೆಯೇ ಬಂದೊದಗುತ್ತವೆ. ಸಾವಿರ ಪ್ರತಿಗಳು ಒಮ್ಮೆಲೇ ಸಿದ್ಧವಾಗಿ ಮನೆಯ ಮೂಲೆಯಲ್ಲಿ ಕುಳಿತುಕೊಳ್ಳುತ್ತವೆ. ಅರಸರ ಆಶ್ರಯ ಹೋಗಿ, ದೊಡ್ಡ ಪ್ರಕಾಶಕರು ಇನ್ನೂ ಹುಟ್ಟದಿದ್ದ ಆ ಕಾಲದಲ್ಲಿ ಲೇಖಕನು ತನ್ನ ಕೃತಿಗೆ ತಾನೇ ಸಾಲಗಾರನಾದನು. ಆ ಸಾಲವನ್ನು ತೀರಿಸುವ ದಾರಿ ಒಂದೇ: ಓದುಗರನ್ನು ಹುಡುಕಿಕೊಂಡು ಹೋಗುವುದು.

ತಲೆಯ ಮೇಲೆ ಹೊತ್ತವರು

ಹಾಗೆ ಹುಡುಕಿಕೊಂಡು ಹೋದವರಲ್ಲಿ ಅಗ್ರಗಣ್ಯರು ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ನಿಜನಾಮ. ಹಾವೇರಿ ಸೀಮೆಯ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ಜನಿಸಿದ ಇವರು ಶಾಲಾ ಶಿಕ್ಷಕರಾಗಿದ್ದು, ಆ ವೃತ್ತಿಯನ್ನು ತೊರೆದು ಸಾಹಿತ್ಯಸೇವೆಗೆ ನಿಂತರು. ಅಗಡಿಯ ಆನಂದವನದಿಂದ 1907ರಲ್ಲಿ ಆರಂಭವಾದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯ ಮೂಲಕ ಮನೆಮನೆಯಲ್ಲಿ ಪರಿಚಿತರಾದರು. ‘ಮಾಧವ ಕರುಣಾವಿಲಾಸ’, ‘ಕನ್ನಡಿಗರ ಕರ್ಮಕಥೆ’ ಮೊದಲಾದ ಕಾದಂಬರಿಗಳನ್ನು ರಚಿಸಿದ ಈ ಮಹನೀಯರು ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರಿಂದೂರಿಗೆ ನಡೆದು ಮಾರಿದರು.

ಆ ಕಾಲದ ಪರಿಸ್ಥಿತಿಯನ್ನು ನೆನೆಯದೆ ಈ ಸಂಗತಿಯ ಮಹತ್ವ ತಿಳಿಯದು. ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಭಾಗಗಳಲ್ಲಿ ಮರಾಠಿಯ ಪ್ರಾಬಲ್ಯ ಅಧಿಕವಾಗಿತ್ತು. ಅಕ್ಷರ ಬಲ್ಲವರೇ ವಿರಳ. ಬಲ್ಲವರಲ್ಲಿ ಅನೇಕರು ಓದುತ್ತಿದ್ದುದು ಮರಾಠಿ ಪುಸ್ತಕಗಳನ್ನು. ಕನ್ನಡ ಪುಸ್ತಕದ ಅಂಗಡಿಗಳು ಬೆರಳೆಣಿಕೆಯಷ್ಟು. ಇಂಥಲ್ಲಿ ಪುಸ್ತಕ ಮಾರುವುದೆಂದರೆ ಮೊದಲು ಓದುಗನನ್ನೇ ನಿರ್ಮಿಸಬೇಕಾಗಿತ್ತು. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿ ಕಾದಂಬರಿಗಳ ಅನುವಾದದಿಂದ ಮಾಡಿದ ಕಾರ್ಯವನ್ನು ಉತ್ತರದಲ್ಲಿ ಗಳಗನಾಥರು ಮಾಡಿದರು. ಗಂಟು ಇಳಿಸಿದ ಊರಲ್ಲೆಲ್ಲ ಒಬ್ಬಿಬ್ಬರಾದರೂ ಕನ್ನಡ ಓದುವವರನ್ನು ಉಳಿಸಿ ಮುಂದೆ ನಡೆದರು. 1942ರಲ್ಲಿ ಅವರು ಕಾಲವಶರಾದಾಗ ಹಿಂದೆ ಬಿಟ್ಟು ಹೋದ ಆಸ್ತಿ ಈ ಓದುಗರೇ.

ಮನೆ ಮಾರಿ ಅಚ್ಚು ಹಾಕಿದವರು

ಕಾದಂಬರಿಗೆ ಕಥೆಯ ಆಕರ್ಷಣೆಯಾದರೂ ಉಂಟು. ಮರೆತು ಹೋಗಿದ್ದ ವಚನ ಸಾಹಿತ್ಯವನ್ನು ಅಚ್ಚು ಹಾಕಿ ಮಾರುವುದು ಅದಕ್ಕಿಂತ ಕಠಿಣವಾದ ಕಾರ್ಯ. ಆ ಕಾರ್ಯಕ್ಕೆ ಕಂಕಣ ಕಟ್ಟಿದವರು ಪ್ರಾತಃಸ್ಮರಣೀಯರಾದ ಡಾ. ಫ. ಗು. ಹಳಕಟ್ಟಿಯವರು.

1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಫಕೀರಪ್ಪನವರು ಮುಂಬಯಿಯಲ್ಲಿ ಉಚ್ಚ ಶಿಕ್ಷಣ ಪಡೆದು, 1904ರಲ್ಲಿ ಕಾನೂನು ಪದವೀಧರರಾಗಿ, ಮುಂದೆ ಬಿಜಾಪುರದಲ್ಲಿ ವಕೀಲಿ ವೃತ್ತಿಯಲ್ಲಿ ನೆಲೆನಿಂತರು. ಕೈತುಂಬ ಗಳಿಸಬಹುದಾದ ವೃತ್ತಿ. ಬಿಜಾಪುರದ ವಿದ್ಯಾವರ್ಧಕ ಸಂಘದ ಸ್ಥಾಪನೆ, ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆ ಮುಂತಾದ ಲೋಕಹಿತದ ಕಾರ್ಯಗಳಲ್ಲಿ ಮುಂದಾಳುಗಳಾಗಿದ್ದರು. ಆದರೆ ರಬಕವಿಯಲ್ಲಿ ಕಂಡ ವಚನಗಳ ತಾಡವೋಲೆಗಳು ಅವರ ಜೀವನದ ದಿಕ್ಕನ್ನೇ ಬದಲಿಸಿದವು. ಅಂದಿನಿಂದ ಮನೆಮನೆ, ಮಠಮಠಗಳನ್ನು ತಿರುಗಿ ಓಲೆಯ ಕಟ್ಟುಗಳನ್ನು ಸಂಗ್ರಹಿಸಿದರು. ಕೆಲವೆಡೆ ಓಲೆಗಳನ್ನು ಪೂಜೆಗಿಟ್ಟಿದ್ದರು, ಬಿಚ್ಚಿ ಓದುವವರಿರಲಿಲ್ಲ. ಕೆಲವೆಡೆ ಹುಳು ತಿಂದು ಪುಡಿಯಾಗಿದ್ದವು.

ಸಂಗ್ರಹಿಸಿ, ಓದಿ, ವಿಷಯಾನುಸಾರ ವಿಂಗಡಿಸಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಸಿದ್ಧಗೊಳಿಸಿದ ಮೇಲೆ ಮುದ್ರಣದ ಪ್ರಶ್ನೆ ಎದುರಾಯಿತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದ ಹಸ್ತಪ್ರತಿಯು ಅಚ್ಚಾಗದೆ ಮರಳಿ ಬಂದಿತೆಂಬುದು ನಾಡಿನಲ್ಲಿ ಪ್ರಸಿದ್ಧವಾದ ಸಂಗತಿ. ಹಳಕಟ್ಟಿಯವರು ಎದೆಗುಂದಲಿಲ್ಲ. ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ಗ್ರಂಥವು ಬೆಳಕು ಕಂಡಿತು.

ಪರರ ಮುದ್ರಣಾಲಯವನ್ನು ನಂಬಿ ಕುಳಿತರೆ ಸಂಗ್ರಹಿಸಿದ ಓಲೆಗಳೆಲ್ಲ ಅಚ್ಚಾಗುವುದಕ್ಕೆ ಒಂದು ಜನ್ಮ ಸಾಲದೆಂಬುದು ಅವರಿಗೆ ಆಗಲೇ ಅರಿವಾಗಿತ್ತು. 1925ರಲ್ಲಿ ತಮ್ಮ ಸ್ವಂತ ಮನೆಯನ್ನು ಮಾರಿ, ಬಿಜಾಪುರದಲ್ಲಿ ‘ಹಿತಚಿಂತಕ’ ಎಂಬ ಮುದ್ರಣಾಲಯವನ್ನು ತೆರೆದರು. ಓದುಗ ಮಹಾಶಯರೇ, ಈ ವಾಕ್ಯವನ್ನು ಇನ್ನೊಮ್ಮೆ ಓದಿರಿ. ವಕೀಲಿ ಮಾಡಿ ಮನೆ ಕಟ್ಟಿಸುವವರನ್ನು ನಾವು ಕಂಡಿದ್ದೇವೆ. ಇವರು ಇದ್ದ ಮನೆಯನ್ನು ಮಾರಿ ಮೊಳೆಗಳನ್ನು ಕೊಂಡರು. ತಾವು ಬಾಡಿಗೆಯ ಮನೆಯಲ್ಲಿ ನಿಂತರು.

1926ರಲ್ಲಿ ‘ಶಿವಾನುಭವ’ ಪತ್ರಿಕೆಯೂ ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆಯೂ ಹೊರಬಂದವು. ‘ಶಿವಾನುಭವ’ವು ಮೂರು ದಶಕಗಳಿಗೂ ಮಿಕ್ಕಿ ನಡೆಯಿತು. ಇದರ ಹಿಂದಿನ ವಿವೇಕವನ್ನು ಗಮನಿಸಬೇಕು. ಒಂದು ಗ್ರಂಥವು ಒಮ್ಮೆ ಮಾತ್ರ ಓದುಗನ ಬಾಗಿಲಿಗೆ ಬರುತ್ತದೆ. ಪತ್ರಿಕೆಯಾದರೋ ಮತ್ತೆ ಮತ್ತೆ ಬಂದು ಅವನನ್ನು ಮಾತನಾಡಿಸುತ್ತದೆ. ವಚನಕಾರರ ಚರಿತ್ರೆ, ಹೊಸದಾಗಿ ದೊರೆತ ಓಲೆಯ ವಿಚಾರ, ಕಠಿಣ ಪದಗಳ ಅರ್ಥ ಇವುಗಳ ಪರಿಚಯವಾದ ಓದುಗನು ಮುಂದಿನ ಗ್ರಂಥಕ್ಕೆ ತಾನೇ ಕಾಯುತ್ತಾನೆ. ಪತ್ರಿಕೆಯು ಹೊಲವನ್ನು ಹದ ಮಾಡಿತು, ಗ್ರಂಥಗಳು ಬೀಜವಾಗಿ ಬಿದ್ದವು. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಅವರಿಗೆ ದೊರೆತುದು ನಾಡು ಅವರ ಸೇವೆಯನ್ನು ಗುರುತಿಸಿದ್ದಕ್ಕೆ ಸಾಕ್ಷಿ.

ಆದರೆ ಗೌರವವು ಮುದ್ರಣಾಲಯದ ಲೆಕ್ಕವನ್ನು ತೀರಿಸಲಾರದು. ಪದವಿ, ಬಿರುದುಗಳು ಬಂದವು. ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಬಡತನ ಮಾತ್ರ ಬಿಟ್ಟು ಹೋಗಲಿಲ್ಲ. 1964ರ ಜೂನ್ 29ರಂದು ಲಿಂಗೈಕ್ಯರಾಗುವವರೆಗೂ ಅವರ ಜೀವನ ಸರಳವಾಗಿಯೇ ನಡೆಯಿತು. ಅವರನ್ನು ಹೊಗಳಿದವರೆಲ್ಲ ಪ್ರತಿವರ್ಷ ಒಂದೊಂದು ಗ್ರಂಥವನ್ನು ಬೆಲೆ ಕೊಟ್ಟು ಕೊಂಡಿದ್ದರೆ ಇನ್ನೆಷ್ಟು ಓಲೆಗಳು ಹುಳುವಿನ ಬಾಯಿಂದ ಪಾರಾಗುತ್ತಿದ್ದವೋ ಎಂದು ನಾವು ಆಗಾಗ ಚಿಂತಿಸುವುದುಂಟು.

ಅವರು ಹಾಕಿದ ದಾರಿಯಲ್ಲಿಯೇ ನಾಡು ಮುಂದೆ ನಡೆಯಿತು. ಕರ್ನಾಟಕ ಸರಕಾರವು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ‘ಸಮಗ್ರ ವಚನ ಸಂಪುಟ’ಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಇಂದು ಅಂತರ್ಜಾಲದಲ್ಲಿಯೂ ವಚನಗಳು ದೊರೆಯುತ್ತವೆ. ಬಿಜಾಪುರವು 2014ರಲ್ಲಿ ವಿಜಯಪುರವಾಯಿತು. ಈ ಎಲ್ಲದರ ತಳಹದಿಯಲ್ಲಿ ಮಾರಾಟವಾದ ಒಂದು ಮನೆಯ ಕಲ್ಲುಗಳಿವೆ ಎಂಬುದನ್ನು ನಾವು ಮರೆಯಬಾರದು.

ಓದುಗನೂ ಪಾಲುದಾರ

ಭಾರವನ್ನು ಒಬ್ಬರೇ ಹೊರಬೇಕಾಗಿಲ್ಲ ಎಂಬುದಕ್ಕೂ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ವಾರ್ಷಿಕ ಚಂದಾದಾರರನ್ನು ಮಾಡಿಕೊಂಡು, ಅವರ ಹಣದ ಆಧಾರದ ಮೇಲೆ ವರ್ಷವರ್ಷವೂ ಪುಸ್ತಕಗಳನ್ನು ಹೊರತಂದಿತು. ಓದುಗನು ಮುಂಗಡವಾಗಿ ಕೊಟ್ಟ ಹಣವೇ ಕಾಗದದ ಬೆಲೆಯಾಯಿತು. ಹೀಗೆ ಓದುಗನು ಪ್ರಕಟಣೆಯಲ್ಲಿ ಪಾಲುದಾರನಾದಾಗ ಸಂಸ್ಥೆಯು ಬಾಳಿತು. ಪುತ್ತೂರಿನಲ್ಲಿ ಡಾ. ಶಿವರಾಮ ಕಾರಂತರು ತಮ್ಮ ಕೃತಿಗಳನ್ನು ತಾವೇ ಪ್ರಕಟಿಸಿ ಆ ಕಷ್ಟಸುಖಗಳನ್ನು ಉಂಡವರು.

ಇಂದು ಗಣಕಯಂತ್ರದಿಂದ ಅಕ್ಷರಜೋಡಣೆ ಸುಲಭವಾಗಿದೆ; 200 ಪ್ರತಿಗಳನ್ನಷ್ಟೇ ಮುದ್ರಿಸಿಕೊಳ್ಳುವ ಅನುಕೂಲವೂ ಬಂದಿದೆ. ಆದರೆ ಮಾರಾಟದ ಕಷ್ಟ ಹಾಗೆಯೇ ಉಳಿದಿದೆ. ಅಂಗಡಿಯವರಿಗೆ ಕೊಡಬೇಕಾದ ರಿಯಾಯಿತಿ, ಅಂಚೆಯ ವೆಚ್ಚ, ಬಾರದೆ ನಿಂತ ಬಾಕಿ ಇವುಗಳ ಮಧ್ಯೆ ಲೇಖಕನು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನೆಚ್ಚಿ ಕುಳಿತುಕೊಳ್ಳುತ್ತಾನೆ. ಸರಕಾರದ ಖರೀದಿ ಪುಸ್ತಕವನ್ನು ಕಪಾಟಿನವರೆಗೆ ಒಯ್ಯಬಲ್ಲುದು. ಅಲ್ಲಿಂದ ಅದನ್ನು ಕೈಗೆತ್ತಿಕೊಳ್ಳಬೇಕಾದವನು ಓದುಗನೇ.

ನಮ್ಮದೇ ಒಂದು ತಪ್ಪು

ಇಲ್ಲಿ ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಈ ಉಪದೇಶಕ್ಕೆ ಅಧಿಕಾರವಿರದು. ಅನೇಕ ವರ್ಷಗಳ ಹಿಂದೆ, ಮಠದ ಪ್ರಸಾದನಿಲಯದಲ್ಲಿ ಓದಿ ಶಿಕ್ಷಕರಾಗಿ ನಿವೃತ್ತರಾದ ಹಿರಿಯರೊಬ್ಬರು ತಮ್ಮ ಸೀಮೆಯ ಗುಡಿ, ಗದ್ದುಗೆ, ಶಾಸನಗಳ ಕುರಿತು ಗ್ರಂಥವೊಂದನ್ನು ಬರೆದರು. ನಿವೃತ್ತಿಯ ಹಣದಲ್ಲಿ 1000 ಪ್ರತಿ ಅಚ್ಚು ಹಾಕಿಸಿದರು. ನಾವೇ ಬಿಡುಗಡೆ ಮಾಡಿ ಶಾಲು ಹೊದಿಸಿ ಆಶೀರ್ವದಿಸಿದೆವು. ಸಭೆ ಕಿಕ್ಕಿರಿದಿತ್ತು. ವೇದಿಕೆಯ ಮೇಲಿದ್ದ ಗಣ್ಯರಿಗೆಲ್ಲ ಅವರು ಪ್ರತಿಗಳನ್ನು ಉಚಿತವಾಗಿ ಕೊಟ್ಟರು. ಮಠದ ಗ್ರಂಥಾಲಯಕ್ಕೆಂದು ನಾವೂ 10 ಪ್ರತಿಗಳನ್ನು ಕೇಳಿ ಪಡೆದೆವು. ಬೆಲೆ ಕೊಡಬೇಕೆಂಬುದು ನಮಗೆ ಹೊಳೆಯಲೇ ಇಲ್ಲ. ಬಾಗಿಲ ಬಳಿ ಮೇಜು ಹಾಕಿಕೊಂಡು ಕುಳಿತಿದ್ದ ಅವರ ಮೊಮ್ಮಗಳ ಕೈಯಿಂದ ಅಂದು ಮಾರಾಟವಾದುದು ಹತ್ತಾರು ಪ್ರತಿ ಮಾತ್ರ.

ಅವರು ಲಿಂಗೈಕ್ಯರಾದ ತರುವಾಯ ಒಮ್ಮೆ ಅವರ ಮನೆಗೆ ದಯಮಾಡಿಸಿದ್ದೆವು. ಅಟ್ಟದ ಮೇಲೆ ಬಿಚ್ಚದ ಕಟ್ಟುಗಳು. ಕೆಳಗಿನವಕ್ಕೆ ಗೆದ್ದಲು ಹತ್ತಿತ್ತು. ಅವರ ಧರ್ಮಪತ್ನಿ ಕೈಮುಗಿದು ಹೇಳಿದರು: “ಅಪ್ಪಾರ, ಇವನ್ನ ಮಠಕ್ಕ ತಗೊಂಡು ಹೋಗ್ರಿ. ಅವರು ಬರೆದದ್ದು ಯಾರರೆ ಓದಲಿ.” ಓಲೆಯನ್ನು ಹುಳು ತಿಂದಿತೆಂದು ಹಿಂದಿನವರನ್ನು ದೂರುತ್ತಿದ್ದ ನಾವು ಆ ದಿನ ತಲೆತಗ್ಗಿಸಿದೆವು.

ಕೆಡದೆ ಉಳಿದಿದ್ದ ಪ್ರತಿಗಳಿಗೆ ಅಚ್ಚಾದ ಬೆಲೆಯನ್ನೇ ಸಲ್ಲಿಸಿ ತಂದು, ಮುಂದಿನ ಜಾತ್ರೆಯಲ್ಲಿ ಮಾರಾಟಕ್ಕಿಟ್ಟೆವು. ಜಾತ್ರೆ ಮುಗಿಯುವುದರೊಳಗೆ ಬಹುಪಾಲು ತೀರಿಹೋದವು. ಅದರಲ್ಲಿ ಉಲ್ಲೇಖವಾಗಿದ್ದ ಗ್ರಾಮವೊಂದರ ತರುಣನು ಆರು ಪ್ರತಿಗಳನ್ನು ಕೊಂಡು, ಬರೆದವರನ್ನು ಕಾಣಬೇಕು, ಅವರ ಊರು ಯಾವುದೆಂದು ಕೇಳಿದನು. ಬಹಳ ತಡವಾಗಿತ್ತು.

ಭಕ್ತರಲ್ಲಿ ಅರಿಕೆ

ಕಾಯಕಕ್ಕೆ ತಕ್ಕ ಪ್ರತಿಫಲ ಸಲ್ಲಬೇಕೆಂಬುದು ಶರಣರ ಮಾರ್ಗ. ನೇಯ್ದವನಿಗೆ ಬಟ್ಟೆಯ ಬೆಲೆ ಕೊಡುವ ನಾವು ಬರೆದವನಿಂದ ಗ್ರಂಥವನ್ನು ಬಿಟ್ಟಿಯಾಗಿ ಬಯಸುವುದು ಧರ್ಮವಲ್ಲ. ದಾಸೋಹ ಮಾಡಬೇಕೆನ್ನುವವರು ಪುಸ್ತಕವನ್ನು ತಾವು ಕೊಂಡು ಇತರರಿಗೆ ಕೊಡಲಿ. ಅದು ಅತ್ತಿಮಬ್ಬೆಯ ದಾರಿ. ಗೃಹಪ್ರವೇಶ, ವಿವಾಹಗಳ ಸಂದರ್ಭದಲ್ಲಿ ಹೂಮಾಲೆಗಳಿಗೆ ವ್ಯಯಿಸುವ ಹಣದಲ್ಲಿ ಒಂದಂಶ ಗ್ರಂಥಕ್ಕೆ ಸಲ್ಲಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಸ್ವಂತ ಖರ್ಚಿನಿಂದ ಪುಸ್ತಕ ಅಚ್ಚು ಹಾಕಿಸಿದವರನ್ನು ಹುಡುಕಿ, ಒಂದು ಪ್ರತಿಯನ್ನು ಕೊಂಡು ಓದಿ, ಓದಿದುದನ್ನು ಅವರಿಗೆ ತಿಳಿಸಲಿ. ಬರೆದವರಿಗೆ ಹಣದಷ್ಟೇ ಬೇಕಾದುದು ಆ ಒಂದು ಮಾತು.

ನಮ್ಮ ಜಾತ್ರೆಯಲ್ಲಿ ಇನ್ನು ಮುಂದೆ ಗ್ರಂಥ ಬಿಡುಗಡೆಯಾದಲ್ಲಿ, ವೇದಿಕೆಯ ಮೇಲಿನವರು ಮೊದಲು ಬೆಲೆ ಕೊಟ್ಟು ಪ್ರತಿ ಪಡೆಯಬೇಕೆಂದು ನಿಯಮ ಮಾಡಿದ್ದೇವೆ. ಆ ಸಾಲಿನಲ್ಲಿ ನಾವೇ ಮೊದಲಿಗರಾಗಿ ನಿಲ್ಲುವೆವು. ಭಕ್ತರು ಹಿಂಬಾಲಿಸಲಿ.