ಅಂಗಡಿಗೆ ಬಂದ ಜಾಮೀನು

ಅಮೆರಿಕದ ಅನೇಕ ಊರುಗಳಲ್ಲಿ ಕೌಂಟಿ ಜೈಲಿನ ಎದುರು ಬೀದಿಗೆ ಹೋದರೆ ‘ಬೇಲ್ ಬಾಂಡ್ಸ್’ ಎಂಬ ಹೊಳೆಯುವ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ರಾತ್ರಿಯಿಡೀ ಬಾಗಿಲು ತೆರೆದಿರುವ ಅಂಗಡಿಗಳವು. ಬಂಧಿತನ ಮನೆಯವರು ಅಲ್ಲಿ ಹಣ ಕಟ್ಟಿದರೆ ಏಜೆಂಟ್ ನ್ಯಾಯಾಲಯಕ್ಕೆ ಮುಚ್ಚಳಿಕೆ ಬರೆದುಕೊಟ್ಟು ಆತನನ್ನು ಬಿಡಿಸುತ್ತಾನೆ. ಲಾಭಕ್ಕಾಗಿ ಜಾಮೀನು ನಿಲ್ಲುವ ಈ ವ್ಯಾಪಾರವನ್ನು ಒಪ್ಪಿಕೊಂಡ ದೇಶಗಳೆಂದರೆ ಹೆಚ್ಚುಕಡಿಮೆ ಅಮೆರಿಕ ಮತ್ತು ಫಿಲಿಪ್ಪೀನ್ಸ್ ಎರಡೇ. ನಮ್ಮಲ್ಲಿ ಜಾಮೀನುದಾರ ಎಂದರೆ ಪಹಣಿ ಹಿಡಿದು ನ್ಯಾಯಾಧೀಶರ ಮುಂದೆ ನಿಲ್ಲುವ ನೆಂಟ, ಇಲ್ಲವೇ ಊರಿನವ. ಆತನಿಗಾಗುವ ನಷ್ಟವನ್ನು ಆರೋಪಿಯೇ ತುಂಬಿಕೊಡುವ ಒಪ್ಪಂದ ನಮ್ಮ ಕಾನೂನಿನಲ್ಲಿ ಊರ್ಜಿತವಲ್ಲ. ಎರಡೂ ಪದ್ಧತಿಗಳು ಇಂಗ್ಲೆಂಡಿನಿಂದಲೇ ಬಂದವು. ಅಮೆರಿಕದಲ್ಲಿ ಮಾತ್ರ ಜಾಮೀನು ಅಂಗಡಿ ಸೇರಿದ್ದು ಹೇಗೆ?

ಹಳೆಯ ಇಂಗ್ಲೆಂಡಿನಲ್ಲಿ ಆರೋಪಿಯನ್ನು ಬಲ್ಲವರೇ ಅವನಿಗೆ ಹೊಣೆಯಾಗುತ್ತಿದ್ದರು. ಅವನು ತಪ್ಪಿಸಿಕೊಂಡರೆ ತಾವೇ ತೆರಬೇಕು, ಹಾಗಾಗಿ ಅವನ ಮೇಲೆ ಕಣ್ಣಿಡುತ್ತಿದ್ದರು. ಯಾವ ಅಪರಾಧಕ್ಕೆ ಜಾಮೀನು ಉಂಟು, ಯಾವುದಕ್ಕೆ ಇಲ್ಲ ಎಂಬ ಗೆರೆಯನ್ನು 1275ರ ವೆಸ್ಟ್‌ಮಿನ್‌ಸ್ಟರ್ ಶಾಸನ ಎಳೆಯಿತು. ಮಿತಿಮೀರಿದ ಜಾಮೀನು ಕೇಳಕೂಡದೆಂದು 1689ರ ಹಕ್ಕುಗಳ ಶಾಸನ ಹೇಳಿತು. ಅದೇ ಮಾತು 1791ರಲ್ಲಿ ಅಮೆರಿಕದ ಸಂವಿಧಾನದ ಎಂಟನೇ ತಿದ್ದುಪಡಿಯಾಯಿತು.

ಆದರೆ ಆ ದೇಶದ ಬದುಕೇ ಬೇರೆ. ಜನ ಪಶ್ಚಿಮಕ್ಕೆ ವಲಸೆ ಹೋಗುತ್ತಲೇ ಇದ್ದರು. ಹೊಸ ಊರಿನಲ್ಲಿ ಸಿಕ್ಕಿಬಿದ್ದವನನ್ನು ಬಲ್ಲವರು ಯಾರು? ಆ ಖಾಲಿ ಜಾಗಕ್ಕೆ ಹಣ ಬಂದು ಕೂತಿತು. 1872ರಲ್ಲಿ ಟೇಲರ್ ವಿರುದ್ಧ ಟೈಂಟರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜಾಮೀನುದಾರನಿಗೆ ಅಗಾಧ ಅಧಿಕಾರವಿದೆ ಎಂದಿತು: ಓಡಿಹೋದವನನ್ನು ಬೇರೆ ರಾಜ್ಯಕ್ಕೂ ಬೆನ್ನಟ್ಟಬಹುದು, ಅಗತ್ಯಬಿದ್ದರೆ ಮನೆಯ ಬಾಗಿಲು ಮುರಿದೂ ಹಿಡಿಯಬಹುದು. ಸಿನಿಮಾಗಳಲ್ಲಿ ಕಾಣುವ ‘ಬೌಂಟಿ ಹಂಟರ್’ಗೆ ಬಲ ಬಂದದ್ದು ಇಲ್ಲಿಂದ. ನೆರೆಯವನಿಗೆ ಸಲ್ಲುತ್ತಿದ್ದ ನಂಬಿಕೆಯನ್ನು ಕಾನೂನು ಮುಂದೆ ವ್ಯಾಪಾರಿಗೂ ಧಾರೆಯೆರೆಯಿತು. ಅದು ತಪ್ಪು ಹೆಜ್ಜೆ ಎಂದೇ ನನ್ನ ಅಭಿಪ್ರಾಯ.

ವ್ಯಾಪಾರಕ್ಕೆ ಮೊದಲ ರೂಪ ಕೊಟ್ಟವರೆಂದು ಸ್ಯಾನ್ ಫ್ರಾನ್ಸಿಸ್ಕೊದ ಪೀಟರ್ ಮತ್ತು ಟಾಮ್ ಮೆಕ್‌ಡೊನಾ ಸಹೋದರರನ್ನು ಹೆಸರಿಸುವುದುಂಟು. ನ್ಯಾಯಾಲಯದ ಹತ್ತಿರವೇ ಅವರ ತಂದೆಯ ಮದ್ಯದಂಗಡಿಯಿತ್ತು. ಅಲ್ಲಿಗೆ ಬರುತ್ತಿದ್ದ ವಕೀಲರ ಕಕ್ಷಿದಾರರಿಗೆ ಮೊದಲು ಸ್ನೇಹಕ್ಕೆಂದು ಹಣ ಕಟ್ಟುತ್ತಿದ್ದವರು 1890ರ ದಶಕದಲ್ಲಿ ಶುಲ್ಕ ಕೇಳತೊಡಗಿದರು. ಮುಂದೆ ಪೊಲೀಸರೂ ಅಧಿಕಾರಿಗಳೂ ಅವರ ಕೈಗೆ ಸಿಕ್ಕರು. ನಗರದ ಭ್ರಷ್ಟಾಚಾರದ ಮೂಲವೇ ಈ ಸಂಸ್ಥೆ ಎಂದು 1937ರ ತನಿಖಾ ವರದಿ ಬರೆಯಿತು. ಆ ಸಂಸ್ಥೆ ಮುಳುಗಿದರೂ ಅದು ತೋರಿಸಿದ ದಾರಿ ದೇಶದುದ್ದಕ್ಕೂ ಹರಡಿತ್ತು.

ಆ ದಾರಿಯ ಲೆಕ್ಕ ಹೀಗಿದೆ. ನ್ಯಾಯಾಧೀಶರು 20,000 ಡಾಲರ್ ಜಾಮೀನು ನಿಗದಿಪಡಿಸಿದರು ಎನ್ನಿ. ಅಷ್ಟನ್ನೂ ನ್ಯಾಯಾಲಯದಲ್ಲೇ ಕಟ್ಟುವ ಶಕ್ತಿ ಇದ್ದವನಿಗೆ, ತಪ್ಪದೆ ಹಾಜರಾದರೆ, ಪ್ರಕರಣ ಮುಗಿದ ಮೇಲೆ ಹಣ ವಾಪಸ್ಸು. ಕೆಲವೆಡೆ ಸಣ್ಣ ಶುಲ್ಕವೋ ದಂಡವೋ ಮುರಿದುಕೊಳ್ಳಬಹುದು. ಶಕ್ತಿ ಇಲ್ಲದವನು ಏಜೆಂಟಿಗೆ ಸಾಮಾನ್ಯವಾಗಿ ಶೇ. 10, ಅಂದರೆ 2,000 ಡಾಲರ್ ಕೊಡುತ್ತಾನೆ. ಅದು ಮರಳಿ ಬರುವುದಿಲ್ಲ. ಮರುವಾರವೇ ಪ್ರಕರಣ ಬಿದ್ದುಹೋದರೂ ಬರುವುದಿಲ್ಲ. ಅದರ ಮೇಲೆ ಮನೆಯನ್ನೋ ಕಾರನ್ನೋ ಒತ್ತೆ ಇಡಬೇಕಾಗಬಹುದು. ಸಹಿ ಹಾಕಿದ ಅಮ್ಮನೋ ಗೆಳೆಯನೋ, ಆರೋಪಿ ಕೈಕೊಟ್ಟರೆ, ಪೂರ್ತಿ ಮೊತ್ತಕ್ಕೆ ಹೊಣೆ. ಏಜೆಂಟನ ಬೆನ್ನಿಗೆ ಸಾಮಾನ್ಯವಾಗಿ ವಿಮಾ ಕಂಪನಿ ಇರುತ್ತದೆ. ಉಳ್ಳವನ ಹಣ ಮರಳುತ್ತದೆ, ಇಲ್ಲದವನದು ಹೋಗುತ್ತದೆ: ಈ ಅನ್ಯಾಯವನ್ನು ಎಷ್ಟು ಹೇಳಿದರೂ ಕಡಿಮೆಯೇ.

ಇದಕ್ಕೆ ದೊಡ್ಡ ಸವಾಲು ಎದುರಾದದ್ದು 1961ರಲ್ಲಿ, ನ್ಯೂಯಾರ್ಕಿನಲ್ಲಿ. ಲೂಯಿಸ್ ಶ್ವೈಟ್ಜರ್ ಎಂಬ ಉದ್ಯಮಿ, ವಿಚಾರಣೆಗೂ ಮುನ್ನ ಜೈಲಿನಲ್ಲಿ ಕೊಳೆಯುತ್ತಿದ್ದ ಬಡವರನ್ನು ಕಂಡು, ತಾಯಿಯ ಹೆಸರಿನಲ್ಲಿ ವೆರಾ ಪ್ರತಿಷ್ಠಾನ ಕಟ್ಟಿದರು. ಹರ್ಬರ್ಟ್ ಸ್ಟರ್ಜ್ ಅವರ ನೇತೃತ್ವದಲ್ಲಿ ಮ್ಯಾನ್‌ಹ್ಯಾಟನ್ ಬೇಲ್ ಪ್ರಾಜೆಕ್ಟ್ ಶುರುವಾಯಿತು. ಕಾನೂನು ವಿದ್ಯಾರ್ಥಿಗಳು ಬಂಧಿತರ ಬಳಿ ಕೂತು ಕೇಳಿದರು: ಮನೆ ಎಲ್ಲಿ? ಎಷ್ಟು ವರ್ಷದಿಂದ? ಕೆಲಸವೇನು? ಊರಲ್ಲಿ ಯಾರಿದ್ದಾರೆ? ಉತ್ತರ ಸರಿ ಕಂಡರೆ ಹಣವಿಲ್ಲದೆ ಬಿಡಬಹುದೆಂದು ನ್ಯಾಯಾಧೀಶರಿಗೆ ಶಿಫಾರಸು ಮಾಡಿದರು. ಮೊದಲ ಮೂರು ವರ್ಷಗಳಲ್ಲಿ ಹೀಗೆ ಹೊರಬಂದ 3,505 ಜನರಲ್ಲಿ ಬೇಕೆಂದೇ ತಪ್ಪಿಸಿಕೊಂಡವರು ಕೇವಲ ಶೇ. 1.6. ಹಳೆಯ ಇಂಗ್ಲೆಂಡಿನ ನೆರೆಯವನ ಕೆಲಸವನ್ನು ವಿದ್ಯಾರ್ಥಿಗಳು ಮಾಡಿ ತೋರಿಸಿದ್ದರು. ಮನುಷ್ಯನನ್ನು ತಿಳಿದುಕೊಂಡರೆ ಸಾಕಿತ್ತು, ಅವನ ಜೇಬಿಗೆ ಕೈಹಾಕಬೇಕಿರಲಿಲ್ಲ. ಈ ಕ್ಷೇತ್ರದ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದ ಘಟನೆ ನನಗೆ ಕಾಣುವುದಿಲ್ಲ.

ಇದರ ಪ್ರಭಾವದಿಂದ 1966ರಲ್ಲಿ ಫೆಡರಲ್ ಜಾಮೀನು ಸುಧಾರಣಾ ಕಾಯ್ದೆ ಬಂತು. ಇಲಿನಾಯ್ ರಾಜ್ಯ ಅದಕ್ಕೂ ಮೊದಲೇ ಶೇ. 10ನ್ನು ನೇರ ನ್ಯಾಯಾಲಯಕ್ಕೇ ಕಟ್ಟುವ, ಬಹುಪಾಲು ಮರಳಿ ಪಡೆಯುವ ವ್ಯವಸ್ಥೆ ತಂದು ಅಂಗಡಿಗಳನ್ನು ಮುಚ್ಚಿಸಿತ್ತು. 1976ರಲ್ಲಿ ಕೆಂಟಕಿ ಈ ವ್ಯಾಪಾರವನ್ನೇ ನಿಷೇಧಿಸಿತು. ಆಮೇಲೆ ಗಾಳಿ ತಿರುಗಿತು. 1984ರ ಕಾಯ್ದೆ ‘ಅಪಾಯಕಾರಿ’ ಆರೋಪಿಯನ್ನು ವಿಚಾರಣೆಗೆ ಮೊದಲೇ ಒಳಗಿಡಲು ಬಿಟ್ಟಿತು, 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಂದಿಗೂ ಸ್ಥಳೀಯ ಜೈಲುಗಳಲ್ಲಿರುವವರಲ್ಲಿ ಸುಮಾರು ಮೂರನೇ ಎರಡು ಭಾಗ ಇನ್ನೂ ತಪ್ಪಿತಸ್ಥರೆಂದು ತೀರ್ಪಾಗದವರು.

ಅವರಲ್ಲೊಬ್ಬನ ಕಥೆ ದೇಶವನ್ನು ಕಲಕಿತು. ಬೆನ್ನಿಗೆ ಹಾಕುವ ಚೀಲವೊಂದನ್ನು ಕದ್ದ ಆರೋಪದ ಮೇಲೆ 2010ರಲ್ಲಿ ಬಂಧಿತನಾದಾಗ ಕಾಲೀಫ್ ಬ್ರೌಡರ್‌ಗೆ 16 ವರ್ಷ. ಮನೆಯವರಿಗೆ 3,000 ಡಾಲರ್ ಜಾಮೀನು ಎಟುಕಲಿಲ್ಲ. ವಿಚಾರಣೆಯೇ ಇಲ್ಲದೆ ನ್ಯೂಯಾರ್ಕಿನ ರೈಕರ್ಸ್ ಜೈಲಿನಲ್ಲಿ ಸುಮಾರು ಮೂರು ವರ್ಷ ಕಳೆದ, ಹೆಚ್ಚು ಕಾಲ ಒಂಟಿ ಕೋಣೆಯಲ್ಲಿ. ಆರೋಪ ವಜಾ ಆಯಿತು. 2015ರಲ್ಲಿ ಅವನು ಪ್ರಾಣ ಕಳೆದುಕೊಂಡ.

2017ರಿಂದ ನ್ಯೂಜೆರ್ಸಿ ಹಣದ ಜಾಮೀನನ್ನು ಬಹುತೇಕ ಕೈಬಿಟ್ಟು, ಅಪಾಯವನ್ನು ಅಂಕಗಳಲ್ಲಿ ಅಳೆಯುವ ಸೂತ್ರಕ್ಕೆ ಹೋಯಿತು. ಹಳೆಯ ಬಂಧನ, ಶಿಕ್ಷೆಗಳ ದಾಖಲೆ ಆಧರಿಸಿದ ಇಂಥ ಅಂಕಗಳು ಕಪ್ಪು ಜನಾಂಗದವರ ವಿರುದ್ಧ ವಾಲುತ್ತವೆಂಬ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಕ್ಯಾಲಿಫೋರ್ನಿಯಾ 2018ರಲ್ಲಿ ಹಣದ ಜಾಮೀನು ರದ್ದುಗೊಳಿಸುವ ಕಾನೂನು ಮಾಡಿತು. ಜಾಮೀನು ಉದ್ಯಮ ಸಹಿ ಸಂಗ್ರಹಿಸಿ ಅದನ್ನು ಮತದಾರರ ಮುಂದೆ ತಂದಿತು, 2020ರಲ್ಲಿ ಅವರು ತಿರಸ್ಕರಿಸಿದರು. ಮರುವರ್ಷ, ಆರೋಪಿಯ ಹಣದ ಶಕ್ತಿ ನೋಡದೆ ಮೊತ್ತ ಗೊತ್ತುಮಾಡಕೂಡದೆಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹಣದ ಜಾಮೀನನ್ನು ಪೂರ್ತಿ ತೆಗೆದುಹಾಕಿದ ಮೊದಲ ರಾಜ್ಯ ಇಲಿನಾಯ್, 2023ರ ಸೆಪ್ಟೆಂಬರ್ 18ರಂದು. 2025ರ ಆಗಸ್ಟ್‌ನಲ್ಲಿ ಅಧ್ಯಕ್ಷ ಟ್ರಂಪ್ ಇಂಥ ಕಡೆಗಳಿಗೆ ಹೋಗುವ ಫೆಡರಲ್ ಅನುದಾನದ ಮೇಲೆ ಕಣ್ಣಿಡಲು ಆದೇಶ ಹೊರಡಿಸಿದರು.

ಹೀಗಾಗಿ ಬೇ ಏರಿಯಾದಲ್ಲೋ ಡಲ್ಲಾಸ್‌ನಲ್ಲೋ ಇರುವ ಕನ್ನಡದ ಮನೆಯೊಂದಕ್ಕೆ ಹುಡುಗನ ಬಂಧನವಾಗಿದೆಯೆಂದು ಅಪರಾತ್ರಿ ಕರೆ ಬಂದರೆ, ಯಾವ ರಾಜ್ಯ, ಯಾವ ಕೌಂಟಿ ಎಂಬುದೇ ಮೊದಲ ಪ್ರಶ್ನೆ. ಷಿಕಾಗೊದಲ್ಲಾದರೆ ಅಂಗಡಿ ಹುಡುಕುವ ಮಾತೇ ಇಲ್ಲ. ಜೈಲಿನ ದಾಖಲೆಯಲ್ಲಿ ನಮ್ಮ ಹೆಸರು ಅದಲುಬದಲಾಗುವುದುಂಟು. ತಂದೆಯ ಹೆಸರು ಮುಂದಿಟ್ಟೂ ಹಿಂದಿಟ್ಟೂ ಹುಡುಕಿ, ಬುಕಿಂಗ್ ಸಂಖ್ಯೆ ಬರೆದುಕೊಳ್ಳಬೇಕು. ಹಣವಿಲ್ಲದೆ, ಬರೀ ಮುಚ್ಚಳಿಕೆಯ ಮೇಲೆ ಬಿಡುವ ಸಾಧ್ಯತೆ ಇದೆಯೇ ಎಂದು ವಕೀಲರನ್ನು ಕೇಳಬೇಕು. ಏಜೆಂಟೇ ಬೇಕಾದರೆ ಲೈಸೆನ್ಸನ್ನು ರಾಜ್ಯದ ವಿಮಾ ಇಲಾಖೆಯಲ್ಲೋ, ಟೆಕ್ಸಾಸ್‌ನ ದೊಡ್ಡ ಕೌಂಟಿಗಳಲ್ಲಾದರೆ ಬೇಲ್ ಬಾಂಡ್ ಮಂಡಳಿಯಲ್ಲೋ ಪರಿಶೀಲಿಸಬೇಕು. ಒತ್ತೆ ಯಾವಾಗ ಮರಳುತ್ತದೆಂಬುದು ಕರಾರಿನಲ್ಲಿ ಬರೆದಿರಬೇಕು. ತಾವಾಗಿ ಫೋನ್ ಮಾಡಿ ಗಿಫ್ಟ್ ಕಾರ್ಡಿನಲ್ಲಿ ಹಣ ಕೇಳುವವರು ಮೋಸಗಾರರು. ವೀಸಾದಲ್ಲಿ ಇರುವವರು ಇನ್ನೂ ಒಂದು ಕೇಳಬೇಕು: ವಲಸೆ ಇಲಾಖೆಯ ತಡೆ ಬಿದ್ದಿದೆಯೇ? ಬಿದ್ದಿದ್ದರೆ ಜಾಮೀನು ಕಟ್ಟಿದ ಮೇಲೂ ಹುಡುಗ ಮನೆಗೆ ಬಾರದೆ ಆ ಇಲಾಖೆಯ ವಶಕ್ಕೆ ಹೋಗಬಹುದು, ಏಜೆಂಟಿಗೆ ಕೊಟ್ಟ ಹಣ ಆಗಲೂ ವಾಪಸ್ಸಾಗದಿರಬಹುದು.