ಇಂಗಾಲದ ಪಾಠ ಮತ್ತು ಕಾಲದ ಲೆಕ್ಕ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಸಂದರ್ಭದಲ್ಲಿ ಕೆಲವು ವಿಚಾರಗಳು

ಕಲ್ಲಿದ್ದಲು, ಪೆಟ್ರೋಲಿಯಂ ಪಾಠ ಓದಿದ ಪ್ರೌಢಶಾಲೆಯ ಮಗು ಮುಗಿಯುವ ಇಂಧನ ಯಾವುದು, ಮುಗಿಯದ್ದು ಯಾವುದು ಎಂದು ಪಟ್ಟಿ ಮಾಡಬಲ್ಲದು. ಸೌದೆ ಉರಿಸುವುದಕ್ಕೂ ಡೀಸೆಲ್ ಉರಿಸುವುದಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ತಡವರಿಸುತ್ತದೆ. ಎರಡರಿಂದಲೂ ಹೊರಬೀಳುವುದು ಕಾರ್ಬನ್ ಡೈಆಕ್ಸೈಡೇ. ಆ ಇಂಗಾಲ ಎಷ್ಟು ಕಾಲ ಗಾಳಿಯಿಂದ ದೂರವಿತ್ತು ಎಂಬುದರಲ್ಲಿ ವ್ಯತ್ಯಾಸವಿದೆ. ಇದನ್ನು ಕಲಿಸಲು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮಧುಗಿರಿ ಶೈಕ್ಷಣಿಕ ಜಿಲ್ಲೆಯಷ್ಟು ಅನುಕೂಲದ ಜಾಗ ರಾಜ್ಯದಲ್ಲಿ ಅಪರೂಪ ಎಂಬುದು ಈ ಲೇಖನದ ವಾದ.

ಕೊರಟಗೆರೆ ತಾಲ್ಲೂಕಿನ ಒಂದು ಊರು ಕಬ್ಬಿಗೆರೆ. ಯುಎನ್‌ಡಿಪಿ ನೆರವಿನ ‘ಬೇರಿ’ (ಗ್ರಾಮೀಣ ಭಾರತಕ್ಕೆ ಜೀವರಾಶಿ ಶಕ್ತಿ) ಯೋಜನೆಯಲ್ಲಿ ಅಲ್ಲಿ ಸೌದೆಯಿಂದ ವಿದ್ಯುತ್ ತಯಾರಿಸುವ ಘಟಕಗಳು ಬಂದವು. ಗಾಳಿ ಕಡಿಮೆ ಕೊಟ್ಟು ಸೌದೆ ಸುಟ್ಟರೆ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಇರುವ ಅನಿಲ ಸಿಗುತ್ತದೆ. ಅದನ್ನು ಸೋಸಿ ಎಂಜಿನ್‌ಗೆ ಬಿಡುತ್ತಾರೆ. ಕಡಿದ ತೋಪು ಮತ್ತೆ ಚಿಗುರಿದರೆ ಹೊರಹೋದ ಇಂಗಾಲ ಕೆಲವೇ ವರ್ಷಗಳಲ್ಲಿ ಮರ ಸೇರುತ್ತದೆ. ಚಿಗುರದಿದ್ದರೆ ಸೇರುವುದಿಲ್ಲ, ಮೇಷ್ಟ್ರು ಈ ಮಾತನ್ನು ನುಂಗಬಾರದು.

ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಕಥೆ ಬೇರೆ. 1985ರಿಂದ ನಡೆಯುತ್ತಿರುವ ಆ ಸ್ಥಾವರಕ್ಕೆ ಸಿಂಗರೇಣಿ ಮುಂತಾದ ಗಣಿಗಳಿಂದ ಬರುವ ಕಲ್ಲಿದ್ದಲು 25 ಕೋಟಿ ವರ್ಷಕ್ಕೂ ಹಿಂದಿನ ಗೊಂಡ್ವಾನ ಕಾಡುಗಳದು. ಆ ಇಂಗಾಲವನ್ನು ಮರಳಿ ಹೂಳುವಷ್ಟು ಬೇಗ ಯಾವ ತೋಪೂ ಬೆಳೆಯುವುದಿಲ್ಲ. ನಮ್ಮಲ್ಲೇಕೆ ಕಲ್ಲಿದ್ದಲಿಲ್ಲ ಎಂಬ ಪ್ರಶ್ನೆಗೆ ಮಧುಗಿರಿಯ ಏಕಶಿಲಾ ಬೆಟ್ಟವೇ ಉತ್ತರ: ಅದು ಸುಮಾರು 250 ಕೋಟಿ ವರ್ಷ ಹಿಂದೆ ಕರಗಿದ ಶಿಲಾಪಾಕ ಗಟ್ಟಿಯಾದ ಗ್ರಾನೈಟ್. ಆಗ ನೆಲದ ಮೇಲೆ ಮರವೆಂಬುದೇ ಇರಲಿಲ್ಲ.

ಮಕ್ಕಳು ನಿಜವಾಗಿ ಎಡವುವುದು ತೂಕದಲ್ಲಿ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ತೂಗುತ್ತದೆ. ಉರಿದಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 2.3 ಕಿಲೋ. ಉರಿದದ್ದಕ್ಕಿಂತ ಬಂದದ್ದು ಹೆಚ್ಚಾಗುವುದು ಹೇಗೆ? 12 ಗ್ರಾಂ ಇಂಗಾಲ ಗಾಳಿಯಿಂದ 32 ಗ್ರಾಂ ಆಮ್ಲಜನಕ ಸೆಳೆದುಕೊಂಡು 44 ಗ್ರಾಂ ಆಗುತ್ತದೆ. ಮನೆಯ ಬೈಕಿಗೆ ತಿಂಗಳಿಗೆ ಹಾಕಿಸುವ ಪೆಟ್ರೋಲಿಗೆ ಈ ಲೆಕ್ಕ ಹಾಕಿಸಿದರೆ ಸಾಕು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡಿನ ಪ್ರಮಾಣ ಕೈಗಾರಿಕಾ ಯುಗಕ್ಕೆ ಮೊದಲು ಹತ್ತು ಲಕ್ಷಕ್ಕೆ 280 ಭಾಗವಿದ್ದದ್ದು ಈಗ 420 ದಾಟಿದೆ ಎಂಬ ಅಂಕಿ ಆಮೇಲೆ ಬಂದರೂ ಅರ್ಥವಾಗುತ್ತದೆ.

ಏನನ್ನೂ ಉರಿಸದೆ ವಿದ್ಯುತ್ ಕೊಡುವ ಪಾವಗಡದ ಸೋಲಾರ್ ಪಾರ್ಕನ್ನು ಶಾಲೆಗಳು ಪ್ರವಾಸದ ಜಾಗವಾಗಿ ಮಾತ್ರ ನೋಡಿದರೆ ನಷ್ಟ. ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯ. ಉದ್ಘಾಟನೆ 2018ರ ಮಾರ್ಚ್‌ನಲ್ಲಿ. ಜಮೀನು ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಶುರುವಾಯಿತು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಆ ಹಣದಲ್ಲಿ ಪಾಲಿಲ್ಲ. ಹೊತ್ತು ಮುಳುಗಿದ ಮೇಲೆ ವಿದ್ಯುತ್ತು ಎಲ್ಲಿಂದ ಎಂಬ ಪ್ರಶ್ನೆಯೂ ಇಲ್ಲೇ ಏಳಬೇಕು. ಹೊಗೆಯಿಲ್ಲದ ವಿದ್ಯುತ್ತಿಗೂ ಬೆಲೆಯಿದೆ ಎಂದು ಹೇಳದ ಪಾಠ ಪ್ರಚಾರವಾಗುತ್ತದೆ.

ಮಧುಗಿರಿಯ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ತನ್ನ ಶಿಕ್ಷಕರ ತರಬೇತಿಯಲ್ಲಿ ಕಬ್ಬಿಗೆರೆ, ಮಧುಗಿರಿ ಬೆಟ್ಟ, ಪಾವಗಡ ಮೂರನ್ನೂ ಒಂದೇ ಪಾಠವಾಗಿ ಹೆಣೆದು, ನಾಲ್ಕೂ ತಾಲ್ಲೂಕಿನ ಪ್ರೌಢಶಾಲೆಗಳಿಗೆ ಕನ್ನಡದಲ್ಲಿ ಒದಗಿಸಬೇಕು.